ಮೆತ್ತಗೆ ಮಾಡಿದ ಮಾತು

ಎಂಜಿನಿಯರರ ತಾತನಿಗೆ ಬಿದ್ದ ಚಾಟಿಯೇಟನ್ನು ಇವತ್ತು ಮತ್ತೊಮ್ಮೆ ಅನುವಾದ ಮಾಡಬೇಕಲ್ಲ ಎಂಬ ಯೋಚನೆಯೊಂದಿಗೇ ದುಭಾಷಿಗೆ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ವಾಕ್ಯಗಳು ನಾಲಗೆಯ ಮೇಲೆ ಬಂದು ಸಾಲಾಗಿ ನಿಂತಿದ್ದವು. ನನ್ನ ತಾತ ರಸ್ತೆಗೆ ಕಲ್ಲು ಒಡೆಯುತ್ತಿದ್ದ. ದೊರೆಯ ಕುದುರೆ ಬಂದಾಗ ಎದ್ದು ನಿಲ್ಲಲಿಲ್ಲ ಅಂತ ಅವನ ಬೆನ್ನಿನ ಮೇಲೆ ಚಾಟಿ ಬೀಸಿದರು. ಆ ಬರೆಗಳನ್ನು ಚಿಕ್ಕವನಾಗಿದ್ದಾಗ ನಾನೇ ಬೆರಳಿಂದ ಮುಟ್ಟಿ ನೋಡಿದ್ದೇನೆ. ಈ ದ್ವೀಪಕ್ಕೆ ಬಂದಮೇಲೆ ದೋಣಿಯವರ ಸಭೆಯಿರಲಿ, ಅಂಗಡಿಯವರ ಸಭೆಯಿರಲಿ, ಇಲ್ಲಿನ ಮಂತ್ರಿಯ ಮನೆಯ ಊಟವಿರಲಿ, ಎಂಜಿನಿಯರರು ಮಾತು ಶುರು ಮಾಡುವುದು ಇಲ್ಲಿಂದಲೇ. ಕಷ್ಟವೇನೆಂದರೆ ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಭಾಷೆಯಲ್ಲಿ ಬಿಡಬಹುದಿತ್ತು. 'ಬೆರಳಿಂದ ಮುಟ್ಟಿ' ಎನ್ನುವಲ್ಲಿ ಪ್ರತಿ ಸಲವೂ ಅವರ ದನಿ ಒಡೆಯುತ್ತಿತ್ತು. ದುಭಾಷಿಯ ದನಿ ಒಡೆಯುತ್ತಿರಲಿಲ್ಲ. ಪರರ ತಾತನಿಗಾಗಿ ಎಷ್ಟು ಸಲ ಅಂತ ದನಿ ಒಡೆದುಕೊಳ್ಳುವುದು ಎಂದುಕೊಂಡು ಅವನು ಎದ್ದು, ಕನ್ನಡಿಯ ಮುಂದೆ ಗಲ್ಲಕ್ಕೆ ಸೋಪು ಹಚ್ಚತೊಡಗಿದ.

ಅವರು ಇಳಿದುಕೊಂಡಿದ್ದ ಮನೆ ಒಂದು ಕಾಲಕ್ಕೆ ದೊರೆಗಳ ಸುಂಕದ ಅಧಿಕಾರಿಯದಾಗಿತ್ತು. ಇಲ್ಲಿ ಆಳಿದ್ದೂ ತಮ್ಮ ದೇಶದಲ್ಲಿ ಆಳಿದ್ದೂ ಅದೇ ದೊರೆಗಳೇ. ಕಿಟಕಿಯ ಹಿತ್ತಾಳೆ ಕೊಂಡಿಗಳು ಕೂಡ ದುಭಾಷಿ ಓದಿದ ಹೈಸ್ಕೂಲಿನ ಕಿಟಕಿಗಳ ಹಾಗೇ ಇದ್ದವು. ಬಂದ ದಿನವೇ ಎಂಜಿನಿಯರರು ದೊಡ್ಡ ಕೋಣೆಯ ಬಾಗಿಲಲ್ಲಿ ನಿಂತು, ಇದರಲ್ಲಿ ನಾನು ಮಲಗುವುದಿಲ್ಲ, ಅವನು ಮಲಗಿದ್ದ ಕಡೆ ನನಗೆ ನಿದ್ದೆ ಹತ್ತುವುದಿಲ್ಲ ಎಂದು ಹೇಳಿ, ಅಲ್ಲಿ ಈ ದ್ವೀಪದಲ್ಲಿ ಕಟ್ಟಲು ಬಂದಿದ್ದ ಹೊಸ ಬಂದರಿನ ನಕಾಶೆಗಳನ್ನು ಹರಡಿಸಿ, ತಾವು ಪಕ್ಕದ ಇಕ್ಕಟ್ಟಿನ ಕೋಣೆಗೆ ಹೋಗಿದ್ದರು. ಒಳ್ಳೆಯ ಮನುಷ್ಯ. ಅಡುಗೆಯವನಿಗೂ ನೀವು ಎನ್ನುತ್ತಾರೆ, ಅವನ ಮಗಳ ಕೆಮ್ಮಿಗೆ ತಮ್ಮ ಊರಿಂದ ಔಷಧಿ ತರಿಸಿಕೊಟ್ಟಿದ್ದಾರೆ. ಕೆಟ್ಟವರ ಮಾತನ್ನು ದಾಟಿಸುವಾಗ ಕನಿಷ್ಠ ಬೈದುಕೊಳ್ಳುವುದಕ್ಕಾದರೂ ಆಗುತ್ತದೆ. ಒಳ್ಳೆಯವರ ಮಾತನ್ನು ದಾಟಿಸುವುದು ಎಣ್ಣೆ ಸವರಿದ ಬಂಡೆಯ ಮೇಲೆ ನಡೆದ ಹಾಗೆ. ಜಾರಿದ್ದು ಯಾವಾಗ ಎಂದೇ ತಿಳಿಯುವುದಿಲ್ಲ. ಕ್ಷೌರದ ಕತ್ತಿ ಗಲ್ಲದ ಮೇಲೆ ಸಣ್ಣಗೆ ಕೊಯ್ದು ಸೋಪಿನ ನೊರೆ ಕೆಂಪಾಯಿತು. ಕನ್ನಡಿಯಲ್ಲಿ ಅಪ್ಪ ನಿಂತಿದ್ದ. ವಯಸ್ಸಾಗುತ್ತ ಆಗುತ್ತ ಎಲ್ಲರ ಮುಖವೂ ಅಪ್ಪನ ಮುಖದ ಕಡೆಗೆ ಹೊರಳುತ್ತದಂತೆ. ತನ್ನದು ಹಾಗೆ ಹೊರಳದಿರಲಿ ಎಂದು ಅವನು ಹರೆಯದಲ್ಲಿ ಮೀಸೆ ಬಿಟ್ಟಿದ್ದ, ಕ್ರಾಪು ಬದಲಾಯಿಸಿದ್ದ. ಯಾವುದೂ ನಡೆದಿರಲಿಲ್ಲ.

ಅಪ್ಪ ದೊರೆಗಳ ಕೋರ್ಟಿನಲ್ಲಿ ದುಭಾಷಿಯಾಗಿದ್ದ. ಬಂದರಿನ ಊರಾದ್ದರಿಂದ ನಾಲ್ಕು ಕಡೆಯ ಜನ ಕಟಕಟೆಗೆ ಬರುತ್ತಿದ್ದರು, ಅಪ್ಪನಿಗೆ ಅವರೆಲ್ಲರ ನುಡಿಯೂ ಬರುತ್ತಿತ್ತು. ಈ ದ್ವೀಪದಿಂದ ಬಂದ ಹಡಗಿನ ಖಲಾಸಿಗಳು ಮನೆಯ ಜಗಲಿಗೆ ಬಂದು ಕೂತು ತಮ್ಮ ತಕರಾರು ಹೇಳಿಕೊಳ್ಳುವಾಗ, ಪಾಠ ಓದುವ ನೆಪದಲ್ಲಿ ಕಂಬಕ್ಕೆ ಒರಗಿ ಕೂತೇ ಮಗ ಈ ಭಾಷೆಯನ್ನು ಕಲಿತದ್ದು. ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ಇದೊಂದೇ, ಅದನ್ನೇ ತಿಂದುಕೊಂಡು ಇಷ್ಟು ವರ್ಷ ಬಂದದ್ದಾಯಿತು. ದೇಶ ಬಡವಾಗಿದ್ದಷ್ಟು ಕಾಲ ಈ ಭಾಷೆ ಯಾರಿಗೂ ಬೇಕಿರಲಿಲ್ಲ. ದೇಶಕ್ಕೆ ಕೈಯಲ್ಲಿ ನಾಲ್ಕು ಕಾಸು ಬಂದು, ಹಡಗು ಬಂದು, ಬೇರೆಯವರ ಕಡಲಿನ ಆಳ ಎಷ್ಟೆಂದು ತಿಳಿಯುವ ಆಸೆ ಬಂದಮೇಲೆ, ಮೂಲೆ ಸೇರಿದ್ದವನನ್ನು ಹುಡುಕಿಕೊಂಡು ಕಾರು ಬಂತು.

ಆ ಬೆಳಿಗ್ಗೆಯ ಸಭೆ ಕಡಲ ದಂಡೆಯ ಕೇರಿಯ ಶಾಲೆಯಲ್ಲಿ. ಬಂದರಿನ ಗೋದಾಮುಗಳು ಏಳಬೇಕಾದ ಜಾಗ ಆ ಕೇರಿಯೇ. ಇಲ್ಲಿನ ಸರ್ಕಾರ ಎಂದೋ ಒಪ್ಪಿ ರುಜು ಹಾಕಿತ್ತು, ಗುಡ್ಡದ ಹಿಂದೆ ಹೊಸ ಮನೆಗಳೂ ಎದ್ದಿದ್ದವು. ಕೇರಿಯವರು ಸಾಮಾನೆಲ್ಲ ಗಂಟು ಕಟ್ಟಿಟ್ಟುಕೊಂಡೂ ಅಲ್ಲಿಂದ ಕದಲಿರಲಿಲ್ಲ. ಯಜಮಾನನೇ ಬಂದು ನಮ್ಮ ಮುಖ ನೋಡಿ ಹೇಳಲಿ ಎಂದು ಕೂತಿದ್ದರು. ಯಜಮಾನ ಎಂದರೆ ಎಂಜಿನಿಯರರು. ಅವರಿಗೆ ಆ ಶಬ್ದ ಕೇಳಿಯೇ ನಾಚಿಕೆಯಾಗಿ, ಹಾಗನ್ನಬೇಡಿ ಅಂತ ಹೇಳಿ ಎಂದು ದಾರಿಯುದ್ದಕ್ಕೂ ದುಭಾಷಿಗೆ ಹೇಳುತ್ತ ಬಂದರು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮಂಡಿ ಗದ್ದಕ್ಕೆ ತಾಗುವಂತೆ ಮುದುರಿ ಕೂತಿದ್ದರು. ಕರಿಹಲಗೆಯ ಮೇಲೆ ಅರ್ಧ ಅಳಿಸಿದ ಕೂಡುವ ಲೆಕ್ಕ. ಅದರ ಮೇಲೇ ನಕಾಶೆಯನ್ನು ತೂಗುಹಾಕಿ ಎಂಜಿನಿಯರರು ಎಲ್ಲಿ ಹಡಗು ನಿಲ್ಲುತ್ತದೆ, ಎಲ್ಲಿ ದೀಪದ ಕಂಬ ಬರುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ ತಾತನ ಬೆನ್ನು. ದುಭಾಷಿ ಕಣ್ಣು ನೆಲಕ್ಕೆ ಹಾಕಿ ದಾಟಿಸುತ್ತ ಹೋದ.

"ಅವರ ಚಾಟಿ ಹೇಗಿರುತ್ತೆ ಅಂತ ನಮಗೆ ಗೊತ್ತು. ಅದಕ್ಕೇ ನಾವು ಅವರ ಥರ ಅಲ್ಲ," ಎಂದರು ಎಂಜಿನಿಯರರು. "ನಾವು ನಿಮ್ಮ ಅಣ್ಣತಮ್ಮಂದಿರು. ಒಂದೇ ಕೈಯಲ್ಲಿ ಏಟು ತಿಂದವರು."

ಮುಂದಿನ ಬೆಂಚಿನಿಂದ ಒಬ್ಬ ಮುದುಕಿ ಎದ್ದಳು. ಏಳುವಾಗ ಪಕ್ಕದವರ ಹೆಗಲು ಹಿಡಿದುಕೊಂಡಳಾದರೂ ಎದ್ದಮೇಲೆ ನೆಟ್ಟಗೆ ನಿಂತಳು. ಅವಳು ಆ ಕೇರಿಯ ಸೂಲಗಿತ್ತಿ ಎಂದು ದುಭಾಷಿಗೆ ಗೊತ್ತಿತ್ತು. ಅಲ್ಲಿ ಕೂತಿದ್ದ ಮುಕ್ಕಾಲು ಪಾಲು ಜನ ಮೊದಲು ಕಂಡದ್ದು ಅವಳ ಅಂಗೈಯನ್ನೇ. ಅವಳು ಎದ್ದಮೇಲೆ ಬಾಗಿಲ ಬಳಿ ನಿಂತು ಬೀಡಿ ಸೇದುತ್ತಿದ್ದವರೂ ಬೀಡಿ ಆರಿಸಿದರು. ಎಂಜಿನಿಯರರ ಕಡೆ ನೋಡದೆ ಅವಳು ದುಭಾಷಿಯನ್ನೇ ನೋಡಿ ಮಾತಾಡಿದಳು.

"ಅವರ ತಾತನಿಗೆ ಹೊಡೆದೋರು ನಾವಲ್ಲ ಅಂತ ಹೇಳಪ್ಪ. ಏಟು ತಿಂದೋರು ಹೊಡೆದೋರ ಮನೆ ಬಾಗಿಲಿಗೆ ಹೋಗಿ ಕೇಳ್ಬೇಕು. ಕೈಲಾಗದಿದ್ರೆ ಬೆನ್ನು ನೀವಿಕೊಂಡು ಸುಮ್ಮನಿರ್ಬೇಕು. ನಮ್ಮ ಬಾಗಿಲಿಗೆ ಯಾಕೆ ಬಂದ್ರು? ದೊರೆಗಳು ಬಂದಾಗ್ಲೂ ಅಣ್ಣತಮ್ಮ ಅಂತಾನೇ ಬಂದಿದ್ದು, ನಮ್ಮಜ್ಜಿ ಹೇಳ್ತಿದ್ಲು. ಇವರು ಅವರಿಗಿಂತ ಕೆಟ್ಟೋರು. ಅವರಿಗೆ ಏಟಿನ ನೋವು ಗೊತ್ತಿರ್ಲಿಲ್ಲ. ಇವರಿಗೆ ಗೊತ್ತು." ಸ್ವಲ್ಪ ತಡೆದು, ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಹೇಳಿದಳು. "ಇಷ್ಟನ್ನೂ ಹೇಳು. ಹೇಳಿ, ನಮ್ಮನ್ನ ನಮ್ಮ ಪಾಡಿಗೆ ಬಿಡ್ತಾರೋ ಇಲ್ಲವೋ ಕೇಳು."

ಅವಳ ಮಾತು ಮುಗಿಯಿತು. ದುಭಾಷಿಗೆ ಒಂದು ಗಳಿಗೆ ಆ ಶಾಲೆಯ ಕೋಣೆಯೇ ಕೋರ್ಟಾಯಿತು. ಅಪ್ಪ ಕಪ್ಪು ಕೋಟಿನಲ್ಲಿ, ಬೆವರುತ್ತ, ಕಟಕಟೆಯ ಪಕ್ಕ ನಿಂತಿದ್ದಾನೆ. ಕಟಕಟೆಯೊಳಗೆ ಬಂದರಿನ ಕೂಲಿಯವನೊಬ್ಬ. ಅವನು ಹೇಳುತ್ತಾನೆ: ಕ್ರೇನಿನ ಹಗ್ಗ ಕತ್ತರಿಸಿದ್ದು ನಾನೇ, ನಾಳೆ ಬಿಟ್ಟರೆ ನಾಳೆಯೂ ಕತ್ತರಿಸ್ತೀನಿ, ಹೇಳು ಆ ದೊರೆಗೆ. ಅಪ್ಪ ಹೇಳಿದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಆ ಮನುಷ್ಯನನ್ನು ಹಡಗು ಹತ್ತಿಸಿ ಕಳಿಸಿದರು, ಮತ್ತೆ ಅವನ ಸುದ್ದಿ ಬರಲಿಲ್ಲ. ಅವನ ಹೆಂಡತಿ ಇವರ ಬೀದಿಯ ಕೊನೆಯಲ್ಲೇ ಇದ್ದಳು, ನೀರಿಗೆ ಹೋಗುವಾಗಲೆಲ್ಲ ಇವರ ಮನೆಯ ಮುಂದೆ ಉಗುಳಿ ಹೋಗುತ್ತಿದ್ದಳು. ಅಮ್ಮ ಒಲೆಯ ಮುಂದೆ ಕೂತು, ಯಾರಿಗೂ ಹೇಳದ ಹಾಗೆ ಹೇಳುತ್ತಿದ್ದಳು: ಒಂದು ಮಾತು ಮೆತ್ತಗೆ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು, ಆ ಮನುಷ್ಯ ಉಳೀತಿದ್ದ. ಅಪ್ಪನದು ಒಂದೇ ಉತ್ತರ. ನಾನು ಅವನು ಹೇಳಿದ್ದನ್ನೇ ಹೇಳಿದೆ. ಅಮ್ಮ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಮನೆಯಲ್ಲಿ ಅವರಿಬ್ಬರ ನಡುವೆ ಜಗಳವೆಂದರೆ ಅಷ್ಟೇ, ಆ ತಟ್ಟೆಯ ಶಬ್ದ. ಅದನ್ನು ಕೇಳುತ್ತ ಬೆಳೆದ ಮಗ, ಬದುಕಿನಲ್ಲಿ ಇನ್ನೇನೂ ನಿಶ್ಚಯ ಮಾಡದಿದ್ದರೂ ಇದೊಂದನ್ನು ಮಾಡಿಕೊಂಡಿದ್ದ. ತನ್ನ ಬಾಯಿಂದ ದಾಟುವ ಮಾತಿನಿಂದ ಯಾರಿಗೂ ಕೇಡಾಗಬಾರದು. ಚೂಪಾಗಿದ್ದರೆ ಅದರ ಮೊನೆ ಮುರಿದು ದಾಟಿಸಬೇಕು.

"ಏನಂತಾರೆ ಅಮ್ಮ?" ಎಂದು ಎಂಜಿನಿಯರರು ಕೇಳಿದರು.

"ನಿಮ್ಮ ತಾತನ ನೋವು ನನ್ನ ನೋವೇ ಅಂತಾರೆ ಸಾರ್. ಅಂಥದ್ದನ್ನ ಅವರೂ ಕಂಡಿದ್ದಾರಂತೆ. ತಮ್ಮ ಜನ ನಿಮ್ಮ ಕೈಲಿದ್ದಾರೆ, ನೀವೇ ನೋಡ್ಕೋಬೇಕು ಅಂತ ಕೇಳ್ಕೋತಿದ್ದಾರೆ."

ನಾಲಗೆ ಇಷ್ಟು ಸಲೀಸಾಗಿ ಹೊರಳಿದ್ದಕ್ಕೆ ಅವನಿಗೇ ಒಂದು ಬಗೆಯ ಸಮಾಧಾನವಾಯಿತು. ಮುದುಕಿ ಉಳಿದಳು ಅನ್ನಿಸಿತು. ಸುತ್ತ ಇಲ್ಲಿನ ಸರ್ಕಾರದ ಪೊಲೀಸರಿದ್ದರು, ಮಂತ್ರಿಯ ಕಡೆಯವರಿದ್ದರು. ಯಜಮಾನರನ್ನು ಅವಳು ಕೆಟ್ಟವರೆಂದದ್ದನ್ನು ಅವರೆಲ್ಲ ಕೇಳಿಸಿಕೊಂಡಿದ್ದರೂ, ಎಂಜಿನಿಯರರೇ ಬೇಸರಪಡದಿದ್ದರೆ ಅವರೇಕೆ ಮುಂದಾಗುತ್ತಾರೆ. ಆದರೆ ಅಷ್ಟರಲ್ಲಿ ಎಂಜಿನಿಯರರು ಮೇಜು ಸುತ್ತಿಕೊಂಡು ಮುಂದೆ ಬಂದಿದ್ದರು. ಅವರ ಕಣ್ಣು ತುಂಬಿತ್ತು. ಮುದುಕಿಯ ಮುಂದೆ ನಿಂತು, ಎರಡೂ ಕೈ ಮುಗಿದು, ತಮ್ಮ ಭಾಷೆಯಲ್ಲೇ ನಿಧಾನವಾಗಿ ಹೇಳಿದರು.

"ಅಮ್ಮಾ, ನನ್ನ ಮೈಯಲ್ಲಿ ಉಸಿರಿರೋವರೆಗೂ ನಿಮಗೆ ಕೆಡುಕಾಗೋಕೆ ಬಿಡಲ್ಲ."

ಇದನ್ನು ಮೆತ್ತಗೆ ಮಾಡುವ ಅಗತ್ಯವಿರಲಿಲ್ಲ. ದುಭಾಷಿ ಇದ್ದದ್ದು ಇದ್ದಂತೆ ದಾಟಿಸಿದ. ವಾಕ್ಯದ ಕೊನೆಯ ಪದ ಬಾಯಿಂದ ಬಿದ್ದಮೇಲೆಯೇ ಅವನಿಗೆ ಹೊಳೆದದ್ದು, ಮುದುಕಿ ಕೇಳಿದ್ದು ಒಂದು ಪ್ರಶ್ನೆ, ಅದಕ್ಕೆ ಅವಳಿಗೆ ಉತ್ತರ ಸಿಕ್ಕಂತಾಯಿತು ಎಂದು. ಅವಳು ಎಂಜಿನಿಯರರ ಮುಖವನ್ನು ನೋಡಿದಳು, ಮುಗಿದ ಕೈ ನೋಡಿದಳು, ಒದ್ದೆ ಕಣ್ಣು ನೋಡಿದಳು. ತನ್ನಿಂದ ಅಷ್ಟು ಮಾತು ಕೇಳಿಯೂ ಈ ಮನುಷ್ಯ ಸಿಟ್ಟಾಗಲಿಲ್ಲ, ಅತ್ತ. ಒಣಗಿದ ಕೈಯನ್ನು ಮುಂದೆ ಚಾಚಿ ಅವರ ಕೆನ್ನೆಯನ್ನು ಒಮ್ಮೆ ಮುಟ್ಟಿದಳು. ಹಿಂದಿನ ಬೆಂಚುಗಳಲ್ಲಿ ಯಾರೋ ಬಿಕ್ಕಿದರು. ಅಲ್ಲಿದ್ದವರೆಲ್ಲ ಒಳ್ಳೆಯವರಾಗಿದ್ದ ಆ ಗಳಿಗೆಯನ್ನು ಒಡೆಯುವ ಎದೆ ದುಭಾಷಿಗಿರಲಿಲ್ಲ.

ವಾಪಸು ಬರುವ ದಾರಿಯಲ್ಲಿ ಎಂಜಿನಿಯರರು ಕಾರಿನಲ್ಲಿ ಕೂತು ಕಣ್ಣೊರೆಸಿಕೊಂಡರು. ಆಮೇಲೆ, ನೋಡಿ ದುಭಾಷಿಗಳೇ, ಆ ದೊರೆಗಳು ನೂರಾರು ವರ್ಷ ಆಳಿದರಲ್ಲ, ಅವರಲ್ಲಿ ಒಬ್ಬನ ಕೆನ್ನೆಯನ್ನಾದರೂ ಹೀಗೆ ಯಾರಾದರೂ ಮುಟ್ಟಿದ್ದರೇ ಎಂದು ಕೇಳಿದರು. ಇಲ್ಲ ಸಾರ್ ಎಂದ ಅವನು. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಮರುದಿನ ಸಂಜೆ ಅಡುಗೆಯವನು ಚಹಾ ತಂದಿಟ್ಟು, ದಂಡೆಯ ಕೇರಿಯಲ್ಲಿ ಎಲ್ಲ ಗಂಟು ಬಿಚ್ಚುತ್ತಿದ್ದಾರಂತೆ ಎಂದ. "ಸೂಲಗಿತ್ತಿ ಅಜ್ಜಿ ಮುಂದೆ ನಿಮ್ಮ ಸಾಹೇಬ್ರು ಕೈಮುಗಿದು ಅತ್ರಂತಲ್ಲ. ನಿಮ್ಮನ್ನ ಮುಟ್ಟಲ್ಲ ಅಂದ್ರಂತೆ. ದೊಡ್ಡ ಮನಸ್ಸು ಬಿಡಿ, ನಿಮ್ಮ ದೇಶದೋರದು." ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ದುಭಾಷಿಗೆ ಚಹಾ ಇಳಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗುಡ್ಡದ ಕಾಲುದಾರಿ ಹಿಡಿದ. ಹೇಳಿಬಿಡುತ್ತೇನೆ, ಅವಳೊಬ್ಬಳನ್ನೇ ಕರೆದು ಹೇಳಿದರೆ ಸಾಕು, ತಪ್ಪು ತಿಳಿದುಕೊಂಡಿದ್ದೀರಿ ಎಂದರೆ ಆಯಿತು, ಯಾರ ತಪ್ಪು ಎಂದು ಹೇಳಬೇಕಾಗಿಲ್ಲವಲ್ಲ ಎಂದು ವಾಕ್ಯಗಳನ್ನು ಜೋಡಿಸುತ್ತ ನಡೆದ. ದಾರಿಯ ತಿರುವಿನಲ್ಲಿ ಕೇರಿ ಕೆಳಗೆ ಕಂಡಿತು. ಒಬ್ಬ ಹೆಂಗಸು ಸುತ್ತಿಟ್ಟಿದ್ದ ಚಾಪೆಗಳನ್ನು ಬಿಡಿಸಿ ಕೊಡವುತ್ತಿದ್ದಳು. ಇಬ್ಬರು ಗಂಡಸರು ಕಿತ್ತಿದ್ದ ಬಾಗಿಲನ್ನು ಹೊತ್ತು ತಂದು ಮತ್ತೆ ಚೌಕಟ್ಟಿಗೆ ಕೂರಿಸುತ್ತಿದ್ದರು. ಅದು ಕೂರದೆ, ಒಬ್ಬ ಮಂಡಿ ಕೊಟ್ಟು ಎತ್ತಿ ಹಿಡಿದು, ಇನ್ನೊಬ್ಬ ಏನೋ ತಮಾಷೆ ಮಾಡಿ, ಇಬ್ಬರೂ ನಗುತ್ತಿದ್ದರು. ಆ ನಗೆ ಗಾಳಿಯಲ್ಲಿ ಗುಡ್ಡದವರೆಗೂ ಬರುತ್ತಿತ್ತು.

ಅವನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತ. ಇಂಥದೇ ನಗೆ. ಸ್ವಾತಂತ್ರ್ಯದ ದಿನ ಬೀದಿಯ ಜನ ಬಂದು ಅಪ್ಪನನ್ನು ಹೊರಗೆ ಕರೆದರು. ಹೊಡೆಯಲಿಲ್ಲ, ಬಡಿಯಲಿಲ್ಲ. ಚಹದಂಗಡಿಯ ಸ್ಟೂಲನ್ನು ತಂದಿಟ್ಟು ಅದರ ಮೇಲೆ ನಿಲ್ಲಿಸಿ, ನಿನಗೆ ಬರುವ ಭಾಷೆಗಳಲ್ಲೆಲ್ಲ ಜೈಕಾರ ಹಾಕು ಎಂದರು. ಅಪ್ಪ ಹಾಕಿದ. ಒಂದೊಂದು ಭಾಷೆಯಲ್ಲೂ, ಉಚ್ಚಾರ ತಪ್ಪದೆ, ಕೋರ್ಟಿನಲ್ಲಿ ಹೇಳುವ ಹಾಗೆಯೇ ನೆಟ್ಟಗೆ ನಿಂತು. ಎರಡು ನಾಲಗೆಯವನೇ, ಇನ್ನೊಂದು, ಇನ್ನೊಂದು ಎಂದು ಜನ ನಕ್ಕರು. ಹೈಸ್ಕೂಲಿನಲ್ಲಿ ಓದುತ್ತಿದ್ದ ಮಗ ಗೆಳೆಯರ ಜೊತೆ ನಿಂತಿದ್ದ. ಗೆಳೆಯರು ತನ್ನ ಕಡೆ ನೋಡುವುದಕ್ಕೆ ಮುಂಚೆಯೇ ತಾನೂ ನಕ್ಕ. ಸ್ಟೂಲಿನ ಮೇಲಿಂದ ಅಪ್ಪ ಅವನನ್ನು ಹುಡುಕಲಿಲ್ಲ, ಎದುರಿನ ಗೋಡೆಯನ್ನು ನೋಡುತ್ತಿದ್ದ. ಮನೆಗೆ ಬಂದು ಕೈಕಾಲು ತೊಳೆದು, ದೀಪ ಹಚ್ಚಿದ್ದೀಯೇನೇ ಎಂದಷ್ಟೇ ಅಮ್ಮನನ್ನು ಕೇಳಿದ. ದೇಶದ ಸ್ವಾತಂತ್ರ್ಯ ಎಂದಾಗಲೆಲ್ಲ ಬೇರೆಯವರಿಗೆ ಬಾವುಟ ನೆನಪಾಗುತ್ತದೆ; ಅವನಿಗೆ ಆ ಸ್ಟೂಲು, ಅದರ ಒಂದು ಕಾಲು ಗಿಡ್ಡವಾಗಿ ಅಪ್ಪ ಅತ್ತ ಇತ್ತ ಓಲುತ್ತಿದ್ದದ್ದು.

ಬಿಸಿಲು ಇಳಿಯಿತು. ಕೆಳಗೆ ಬಾಗಿಲು ಕೂತಿತು. ಇವತ್ತು ಬೇಡ, ಇಷ್ಟು ಖುಷಿಯಲ್ಲಿದ್ದಾರೆ. ಮೊದಲು ಎಂಜಿನಿಯರರಿಗೆ ಹೇಳಿದರೆ ಅವರೇ ಬಂದು ತಿಳಿಸಿ ಹೇಳಿಯಾರು ಎಂದುಕೊಂಡು ಅವನು ಎದ್ದು ಹಿಂದಕ್ಕೆ ನಡೆದ. ಇಳಿಜಾರಾದ್ದರಿಂದ ಕಾಲು ಬೇಗ ಬೇಗ ಬಿತ್ತು. ಊಟದ ಮೇಜಿನಲ್ಲಿ, "ಸಾರ್, ನಿನ್ನೆ ಆ ಸೂಲಗಿತ್ತಿ ಹೇಳಿದ್ದು," ಎಂದು ಶುರು ಮಾಡಿದ.

"ಅದನ್ನ ನನ್ನ ಹೆಂಡತಿಗೆ ಫೋನ್ ಮಾಡಿ ಹೇಳ್ದೆ," ಎಂದರು ಎಂಜಿನಿಯರರು, ಅನ್ನ ಕಲಸುವುದನ್ನು ನಿಲ್ಲಿಸಿ. "ಅವಳೂ ಅತ್ಬಿಟ್ಲು. ಮಗನಿಗೂ ಹೇಳು ಅಂದೆ. ಇವತ್ತಿನ ಹುಡುಗರಿಗೆ ದೇಶ ದೊಡ್ಡದಾಗೋದು ಅಂದ್ರೆ ಬರೀ ಹಡಗು, ಕಟ್ಟಡ. ದೊಡ್ಡದಾಗೋದು ಅಂದ್ರೆ ಇದು. ಹೌದು, ನೀವೇನೋ ಹೇಳ್ತಿದ್ರಿ."

"ಏನಿಲ್ಲ ಸಾರ್. ಅವರಿಗೆ ಇನ್ನೂ ಸ್ವಲ್ಪ ಸಮಯ ಬೇಕಾಗಬಹುದು ಅಂತ."

"ಕೊಟ್ಟಿದೀವಲ್ಲ," ಎಂದು ಅವರು ಮತ್ತೆ ಅನ್ನ ಕಲಸಿದರು.

ಯಂತ್ರಗಳು ಕೇರಿಗೆ ಇಳಿದ ಬೆಳಿಗ್ಗೆ ಮಂಜು ಇತ್ತು. ಹಳದಿ ಬಣ್ಣದ ಬುಲ್ಡೋಜರುಗಳು ಗುಡ್ಡದ ಮಣ್ಣುದಾರಿಯಲ್ಲಿ ಒಂದರ ಹಿಂದೊಂದು ತೆವಳಿ ಬಂದು ಶಾಲೆಯ ಬಳಿ ನಿಂತವು. ಸಾಮಾನು ಸಾಗಿಸಲು ಲಾರಿಗಳು ಬಂದಿದ್ದವು. ಲಾರಿಯ ಪಕ್ಕಕ್ಕೆ ಎರಡೂ ದೇಶಗಳ ಬಾವುಟಗಳನ್ನು ಕಟ್ಟಿದ್ದರು. ಎಂಜಿನಿಯರರು ಹೊಸ ಅಂಗಿ ತೊಟ್ಟು, ಹೊಸ ಮನೆಗಳ ಬೀಗದ ಕೈಗಳನ್ನು ತಾವೇ ಕೈಯಾರೆ ಕೊಡಬೇಕೆಂದು ಬಂದಿದ್ದರು. ಕೇರಿಯೊಳಗೆ ಕಾಲಿಟ್ಟವರು ನಿಂತುಬಿಟ್ಟರು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಬಲೆ ಹರಡಿತ್ತು. ಒಂದು ಮನೆಯ ಗೋಡೆಗೆ ಆಗಷ್ಟೇ ಬಳಿದ ಸುಣ್ಣ ಇನ್ನೂ ಹಸಿಯಾಗಿತ್ತು.

"ಇವರು ಯಾಕೆ ಏನೂ ಕಟ್ಟಿಟ್ಟಿಲ್ಲ? ಅವತ್ತು ಒಪ್ಪಿದ್ರಲ್ಲ?" ಎಂದು ದುಭಾಷಿಯನ್ನು ಕೇಳಿದರು.

ಅವನು ಉತ್ತರ ಹುಡುಕುವ ಮೊದಲೇ ಜನ ಹೊರಗೆ ಬಂದರು. ಯಾರೂ ಕೂಗಲಿಲ್ಲ. ಏನೋ ಪಿಸಿಪಿಸಿ ಮಾತಾಡಿಕೊಂಡು, ಸೂಲಗಿತ್ತಿ ಬರುವವರೆಗೆ ಹಾಗೇ ನಿಂತರು. ಅವಳು ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದಳು. ಎಂಜಿನಿಯರರನ್ನು ಕಂಡು ಅವಳ ಮುಖ ಮೊದಲು ಅರಳಿತು, ಆಮೇಲೆ ಅವಳ ಕಣ್ಣು ಅವರ ಹಿಂದಿನ ಯಂತ್ರಗಳ ಕಡೆ ಹೋಯಿತು. ದುಭಾಷಿಗೆ ಹೇಳಿದಳು.

"ಇವರ ಮೈಯಲ್ಲಿ ಇನ್ನೂ ಉಸಿರಿದೆಯಲ್ಲಪ್ಪ. ಕೇಳು."

ಅವನು ಕೇಳಲಿಲ್ಲ. ಅವಳು ಅವನ ಮುಖವನ್ನು, ಹೆರಿಗೆಯ ಹೊತ್ತಿನಲ್ಲಿ ಹೊಟ್ಟೆ ಮುಟ್ಟಿ ಒಳಗೆ ಕೂಸು ಹೇಗೆ ತಿರುಗಿದೆ ಎಂದು ನೋಡುವವಳ ಹಾಗೆ, ಅವಸರವಿಲ್ಲದೆ ನೋಡಿದಳು.

"ಅವತ್ತು ನಾನಂದದ್ದನ್ನ ನೀನು ಅವರಿಗೆ ಹೇಳಿದ್ಯಾ?"

"ಇಲ್ಲ ತಾಯಿ."

"ಏನು ಹೇಳಿದೆ?"

ಅವನು ಹೇಳಿದ. ನಿಮ್ಮ ತಾತನ ನೋವು ನನ್ನ ನೋವು ಅಂದಿರಿ ಅಂತ ಹೇಳಿದೆ. ನೀವೇ ನಮ್ಮನ್ನ ನೋಡ್ಕೋಬೇಕು ಅಂದಿರಿ ಅಂತ ಹೇಳಿದೆ. ಅವಳದೇ ಭಾಷೆಯಲ್ಲಿ ಹೇಳುವಾಗ ಆ ಮಾತು ಎಷ್ಟು ಸಣ್ಣದಾಗಿ, ಭಿಕ್ಷೆ ಬೇಡಿದ ಹಾಗೆ ಕೇಳಿತೆಂದರೆ ಅವಳ ಹಿಂದೆ ನಿಂತಿದ್ದ ಒಬ್ಬ ಗಂಡಸು ನೆಲ ನೋಡಿದ. ಅವಳು ಮಾತ್ರ ನೋಟ ಕದಲಿಸಲಿಲ್ಲ.

"ಯಾಕಪ್ಪ?"

"ನಿಮಗೇನಾದ್ರೂ ಮಾಡ್ತಾರೆ ಅಂತ ಹೆದರಿದೆ."

"ನನಗೆ ಹೆದರಿಕೆ ಇದ್ದಿದ್ರೆ ನಾನೇ ಮೆತ್ತಗೆ ಆಡ್ತಿದ್ದೆ," ಎಂದಳು ಅವಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ನನ್ನ ಮಾತು ನಿನ್ನ ಕೈಲಿ ಕೊಟ್ಟಿದ್ದೆ. ನಾವು ಗಂಟು ಬಿಚ್ಚದೇ ಇದ್ದಿದ್ರೆ ಚೆಂದಾಗಿ ಅತ್ತುಕೊಂಡು ಹೋಗ್ತಿದ್ವಿ. ಸುಣ್ಣ ಬಳಿದ್ವಲ್ಲ." ಆಮೇಲೆ, "ಈಗ ಹೇಳು," ಎಂದಳು.

ಎಂಜಿನಿಯರರು ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದರು. ದುಭಾಷಿ ಅವರ ಕಡೆ ತಿರುಗಿದ. ಹೇಳಿದ. ನಿಮ್ಮ ತಾತನಿಗೆ ಹೊಡೆದವರು ನಾವಲ್ಲ ಎಂಬಲ್ಲಿಂದ ಶುರು ಮಾಡಿ, ಅವಳ ಅಜ್ಜಿಯ ಮಾತನ್ನೂ ಬಿಡದೆ, ಅವರಿಗೆ ಏಟಿನ ನೋವು ಗೊತ್ತಿರಲಿಲ್ಲ, ಇವರಿಗೆ ಗೊತ್ತು ಎಂಬಲ್ಲಿಯವರೆಗೆ. ಹೇಳುವಾಗ ತಾನು ನೆಟ್ಟಗೆ ನಿಂತಿದ್ದೇನೆ, ಎದುರಿನ ಗೋಡೆ ನೋಡುತ್ತಿದ್ದೇನೆ ಎಂದು ಅವನ ಅರಿವಿಗೆ ಬಂತು. ಎಂಜಿನಿಯರರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಆಡುತ್ತ ಆಡುತ್ತ ಇದ್ದಕ್ಕಿದ್ದಂತೆ ಏಟು ತಿಂದ ಮಗುವಿಗೆ ಅಳು ಬರುವ ಮುಂಚೆ ಆಗುವಂಥ ಮುಖ.

"ನಾವು ಅವರ ಥರಾನಾ?" ಎಂದರು. ಮುದುಕಿಯನ್ನಲ್ಲ, ಅವನನ್ನು ಕೇಳಿದರು. "ನೀವು ನಮ್ಮೋರು. ನೀವು ಹೇಳಿ. ನಾವು ಅವರ ಥರಾನಾ?"

"ಏನು ಕೇಳ್ತಿದ್ದಾರೆ?" ಎಂದು ಸೂಲಗಿತ್ತಿ ಕೇಳಿದಳು.

"ತಾವೂ ದೊರೆಗಳ ಥರಾನಾ ಅಂತ ಕೇಳ್ತಿದ್ದಾರೆ."

"ನನ್ನನ್ನಾ?"

"ಅಲ್ಲ. ನನ್ನನ್ನ."

"ನೀನೇನಂತಿ?"

ನೀನೇನಂತಿ ಎಂದು ತನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಕೇಳಿದ್ದರೇ ಎಂದಾದರೂ? ಹುಡುಕಿದರೆ ತಲೆಯೊಳಗೆ ಇದ್ದದ್ದೆಲ್ಲ ಬೇರೆಯವರ ಮಾತು. ಮಂತ್ರಿಗಳ ಭಾಷಣ, ಹಡಗಿನವರ ಚೌಕಾಸಿ, ಯಾರದೋ ತಾತನ ಬೆನ್ನು. ತಾನು ದೇಶದ ಹೆಸರಿನಲ್ಲಿ ಹೆಮ್ಮೆಪಟ್ಟದ್ದು ಸುಳ್ಳಲ್ಲ. ನಮ್ಮ ಹಡಗು ಮೊದಲ ಸಲ ದಡ ಬಿಟ್ಟ ದಿನ ಅವನೂ ಬೀದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ದ, ಇನ್ನು ಯಾರೂ ನಮ್ಮನ್ನು ಸ್ಟೂಲಿನ ಮೇಲೆ ನಿಲ್ಲಿಸಲಾರರು ಎಂದು ಎದೆ ಉಬ್ಬಿತ್ತು. ಆ ಹಡಗು ಎಲ್ಲಿಗಾದರೂ ಹೋಗಿ ತಲುಪಲೇಬೇಕು, ಅಲ್ಲೊಂದು ದಂಡೆ ಇರುತ್ತದೆ, ದಂಡೆಯ ಮೇಲೆ ಯಾರದೋ ಮನೆ ಇರುತ್ತದೆ ಎಂದು ಅವತ್ತು ಹೊಳೆದಿರಲಿಲ್ಲ.

"ಹೌದು," ಎಂದ ಅವನು ಎಂಜಿನಿಯರರಿಗೆ. ಸಾರ್ ಎಂಬ ಮಾತು ಬಾಯಿಗೆ ಬರಲಿಲ್ಲ. ಆಮೇಲೆ ಮುದುಕಿಯ ಕಡೆ ತಿರುಗಿ ಅದೇ ಮಾತನ್ನು ಅವಳ ಭಾಷೆಯಲ್ಲಿ ಹೇಳಿದ.

ಅದರಿಂದ ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ. ಎಂಜಿನಿಯರರು ಬೀಗದ ಕೈಗಳ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, "ನಿಲ್ಲಿಸೋದು ನನ್ನ ಕೈಲಿಲ್ಲ. ನನ್ನ ಮೇಲೂ ಜನ ಇದ್ದಾರೆ. ಬೇಕಾದ್ರೆ ಮಧ್ಯಾಹ್ನದವರೆಗೆ ತಡೀತೀನಿ," ಎಂದರು. ದುಭಾಷಿ ಅದನ್ನು ಹಾಗೇ ದಾಟಿಸಿದ. "ಆ ದೊರೆಗಳ ಮೇಲೂ ಯಾರೋ ಇದ್ದರಂತೆ," ಎಂದು ಮುದುಕಿ ತನ್ನಷ್ಟಕ್ಕೆ ಅಂದುಕೊಂಡಳು. ಅದನ್ನೂ ದಾಟಿಸಿದ. ಅಷ್ಟು ಹೊತ್ತಿಗೆ ಎಂಜಿನಿಯರರು ಬೆನ್ನು ತಿರುಗಿಸಿ ಶಾಲೆಯ ಕಡೆ ನಡೆಯುತ್ತಿದ್ದರು, ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ನಾಳೆ ತನ್ನನ್ನು ಹಡಗು ಹತ್ತಿಸಿ ಮನೆಗೆ ಕಳಿಸುತ್ತಾರೆ ಎಂದು ದುಭಾಷಿಗೆ ಗೊತ್ತಾಯಿತು. ಎಂಜಿನಿಯರರು ಬೈಯುವುದಿಲ್ಲ, ದಾರಿಗೆ ಹಣ್ಣು ಕಟ್ಟಿಸಿ ಕೊಡುತ್ತಾರೆ.

ಮನೆಗಳೊಳಗಿಂದ ಸಾಮಾನು ಹೊರಗೆ ಬರತೊಡಗಿತು. ಕಟ್ಟಲು ಸಮಯವಿಲ್ಲದ್ದರಿಂದ ಕೈಗೆ ಸಿಕ್ಕದ್ದನ್ನು ಕೈಗೆ ಸಿಕ್ಕ ಬಟ್ಟೆಯಲ್ಲಿ ಸುತ್ತುತ್ತಿದ್ದರು. ದುಭಾಷಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಯಂತ್ರದವರ ಜೊತೆಯೂ ನಿಲ್ಲಲಾರದೆ ಕೇರಿಯವರ ಜೊತೆಯೂ ನಿಲ್ಲಲಾರದೆ, ದಾರಿಯ ಮಧ್ಯದಲ್ಲೇ ನಿಂತಿದ್ದ. ಹಾದು ಹೋಗುವವರು ನೀರಿನಲ್ಲಿ ನೆಟ್ಟ ಗೂಟವನ್ನು ಬಳಸಿಕೊಂಡು ಹೋಗುವ ದೋಣಿಯ ಹಾಗೆ ಅವನನ್ನು ಬಳಸಿಕೊಂಡು ಹೋದರು. ಸೂಲಗಿತ್ತಿ ತನ್ನ ಮನೆಯಿಂದ ಒಂದು ಗಂಟು ಹೊತ್ತು ಬಂದು, ಹೊಸಲಿನ ಬಳಿ ಇಳಿಸಿ, ಸೊಂಟ ಹಿಡಿದುಕೊಂಡಳು. ಅವನನ್ನು ಕಂಡಳು.

"ಮಾತಂತೂ ಹೊರಲಿಲ್ಲ," ಎಂದಳು. "ಇದನ್ನಾದ್ರೂ ಹೊರು. ಓರೆ ಮಾಡ್ಬೇಡ."

ಅವನು ಬಗ್ಗಿ ಗಂಟನ್ನು ಎತ್ತಿ ಎದೆಗೆ ಆನಿಸಿಕೊಂಡ. ಅವಳು ಮುಂದೆ, ಅವನು ಹಿಂದೆ, ಲಾರಿಯ ಕಡೆ ನಡೆದರು. ಹಳೆಯ ಸೀರೆಯೊಂದರಲ್ಲಿ ಸುತ್ತಿದ್ದ ಆ ಗಂಟಿನೊಳಗೆ ಪಾತ್ರೆಯೊಂದಿತ್ತು. ಬೆಳಿಗ್ಗೆ ಒಲೆಯ ಮೇಲಿಟ್ಟಿದ್ದ ಅನ್ನ ಇನ್ನೂ ಅದರಲ್ಲೇ ಇತ್ತು. ನಡೆದಷ್ಟೂ ಅದರ ಬಿಸಿ ಬಟ್ಟೆ ದಾಟಿ, ಅಂಗಿ ದಾಟಿ, ಅವನ ಎದೆಗೆ ತಾಗುತ್ತ ಹೋಯಿತು.